ಸಂಕಲ್ಪದಲ್ಲಿ ಯಾವ ವರ್ಷ ಹೇಳಬೇಕು?

ಪ್ರಶ್ನೆ: ನಮ್ಮ ಮೂಲ ಊರು ನವಲಗುಂದ ತಾಲೂಕಿನದು. ಮೂವತ್ತು ವರ್ಷದಿಂದ ನೊಯಿಡಾದಲ್ಲಿ ಇದ್ದೇವೆ. ತಂದೆಯವರು ನಳ ಸಂವತ್ಸರದ (1976) ಮಾರ್ಗಶಿರ ಬಹುಳ ದಶಮಿಯಂದು ತೀರಿಕೊಂಡರು. ಇಷ್ಟು ವರ್ಷ ಊರಲ್ಲಿ ಅಣ್ಣನೇ ಶ್ರಾದ್ಧ ಮಾಡುತ್ತಿದ್ದ. ಅವನು ಹೋದ ಮೇಲೆ ಕಳೆದ ವರ್ಷ ಮೊದಲ ಸಲ ನಾನು ಇಲ್ಲಿಯೇ ಮಾಡಿಸಿದೆ. ಇಲ್ಲಿನ ಪಂಡಿತರು ತಮ್ಮ ಪಂಚಾಂಗ ನೋಡಿ ನವೆಂಬರ್‌ನಲ್ಲಿ ದಿನ ಕೊಟ್ಟರು. ಸಂಕಲ್ಪದಲ್ಲಿ ಶಾಲಿವಾಹನ ಶಕದ ಬದಲು ವಿಕ್ರಮ ಸಂವತ್ ಹೇಳಿಸಿದರು, ಸಂವತ್ಸರದ ಹೆಸರೂ ನಮ್ಮದಲ್ಲ. ಸಂಜೆ ಊರಿಂದ ಅಕ್ಕ ಫೋನ್ ಮಾಡಿ, "ಅಪ್ಪನ ತಿಥಿ ಇನ್ನೂ ಒಂದು ತಿಂಗಳ ಮ್ಯಾಲ ಅದನೋ, ಏನು ಮಾಡಿ ಕೂತಿ" ಅಂತ ಅತ್ತಳು. ಅಂದಿನಿಂದ ನನಗೆ ಸಮಾಧಾನವಿಲ್ಲ. ಇನ್ನೊಂದು: ಊರಿನ ಗುಡಿಯ ಜೀರ್ಣೋದ್ಧಾರ ನಡೆದಿದೆ. ಅಲ್ಲಿಯ ಕಲ್ಲಿನಲ್ಲಿ 'ವಿಕ್ರಮ ವರ್ಷ' ಎಂದಿದೆಯಂತೆ. ವಿಕ್ರಮ ಸಂವತ್ತಿನಿಂದ 57 ಕಳೆಯಬೇಕೆಂದು ಯಾರೋ ಲೆಕ್ಕ ಹಾಕಿ, ಗುಡಿ ಎರಡು ಸಾವಿರ ವರ್ಷದ್ದು ಎಂದು ಕಳಸಾರೋಹಣದ ಆಮಂತ್ರಣದಲ್ಲಿ ಅಚ್ಚು ಹಾಕಿಸಲು ಹೊರಟಿದ್ದಾರೆ. ಸರಿಯೇ?
— ಒಬ್ಬ ಓದುಗರು, ನೊಯಿಡಾ

ಉತ್ತರ: ಮೊದಲು ನಿಮ್ಮನ್ನು ಕೊರೆಯುತ್ತಿರುವ ವಿಷಯ. ಅಕ್ಕನವರು ಹೇಳಿದ್ದೇ ಸರಿ. ತಂದೆಯವರ ತಿಥಿ ಬರುವುದು ಡಿಸೆಂಬರ್ ಸುಮಾರಿಗೆ. ಹಾಗಂತ ನೊಯಿಡಾದ ಪಂಡಿತರ ಪಂಚಾಂಗವೂ ತಪ್ಪಲ್ಲ. ನೀವು 'ಮಾರ್ಗಶಿರ ಬಹುಳ ದಶಮಿ' ಎಂದು ನಮ್ಮ ಮಾತಿನಲ್ಲಿ ಹೇಳಿದಿರಿ, ಅವರು ಅದನ್ನು ತಮ್ಮ ಮಾತಿನಲ್ಲಿ ಕೇಳಿಸಿಕೊಂಡರು.

ನಮ್ಮ ಕಡೆ ತಿಂಗಳು ಮುಗಿಯುವುದು ಅಮಾವಾಸ್ಯೆಗೆ. ಮೊದಲು ಶುಕ್ಲಪಕ್ಷ, ಆಮೇಲೆ ಬಹುಳ. ಕಾಶಿ, ದಿಲ್ಲಿ ಕಡೆ ತಿಂಗಳು ಮುಗಿಯುವುದು ಹುಣ್ಣಿಮೆಗೆ, ಅಂದರೆ ಅವರಿಗೆ ಕೃಷ್ಣಪಕ್ಷ ಮೊದಲು, ಶುಕ್ಲಪಕ್ಷ ಆಮೇಲೆ. ಶುಕ್ಲಪಕ್ಷದಲ್ಲಿ ಇಬ್ಬರ ತಿಂಗಳ ಹೆಸರೂ ಒಂದೇ ಇರುತ್ತದೆ. ಕೃಷ್ಣಪಕ್ಷ ಬಂತೆಂದರೆ ಅವರು ಒಂದು ಹೆಸರು ಮುಂದೆ ಹೋಗಿರುತ್ತಾರೆ. ನಿಮಗೆ ಗೊತ್ತಿರುವ ಹಬ್ಬಗಳಲ್ಲೇ ನೋಡಿ. ಗೋಕುಲಾಷ್ಟಮಿ ನಮಗೆ ಶ್ರಾವಣ ಬಹುಳ ಅಷ್ಟಮಿ, ಅವರಿಗೆ ಭಾದ್ರಪದ ಕೃಷ್ಣ ಅಷ್ಟಮಿ. ಪಕ್ಷಮಾಸ ನಮಗೆ ಭಾದ್ರಪದ ಬಹುಳ, ಅವರಿಗೆ ಆಶ್ವಿನ ಕೃಷ್ಣ. ಆದರೂ ಅಷ್ಟಮಿಯ ಉಪವಾಸವನ್ನು ಇಬ್ಬರೂ ಒಟ್ಟಿಗೇ ಮಾಡುತ್ತೇವೆ, ಯಾಕೆಂದರೆ ಅದನ್ನು ಹಬ್ಬದ ಹೆಸರಿನಿಂದ ಗುರುತಿಸುತ್ತೇವೆ. ತಂದೆಯ ತಿಥಿಗೆ ಅಂಥ ಹೆಸರಿಲ್ಲ, ಇರುವುದು ತಿಂಗಳು-ಪಕ್ಷ-ತಿಥಿ ಮಾತ್ರ. ಆದ್ದರಿಂದ ಎಡವುವುದು ಅಲ್ಲಿಯೇ. ನಮ್ಮ ಮಾರ್ಗಶಿರ ಬಹುಳ ದಶಮಿ ಅವರ ಪಂಚಾಂಗದಲ್ಲಿ 'ಪೌಷ ಕೃಷ್ಣ ದಶಮಿ' ಆಗುತ್ತದೆ. ಅವರು 'ಮಾರ್ಗಶೀರ್ಷ ಕೃಷ್ಣ ದಶಮಿ' ಹುಡುಕಿದರು, ಅದು ನಮ್ಮ ಕಾರ್ತಿಕ ಬಹುಳ ದಶಮಿ. ಹೀಗೆ ಸರಿಯಾಗಿ ಒಂದು ತಿಂಗಳು ಮುಂಚೆ ಆಯಿತು.

ಹೊರ ರಾಜ್ಯಗಳಿಗೆ ಹೋಗಿ ನೆಲೆಸಿದ ಎಷ್ಟೋ ಮನೆಗಳಲ್ಲಿ ಹೀಗಾಗಿದೆ, ಈ ಅಂಕಣಕ್ಕೆ ಇಂಥ ಪತ್ರ ಇದೇ ಮೊದಲಲ್ಲ. ದೋಷ ಬಂತೇ, ಅಪ್ಪನಿಗೆ ಮುಟ್ಟಲಿಲ್ಲವೇ ಎಂದು ಕೊರಗಬೇಡಿ. ತಿಳಿಯದೆ ಆದದ್ದು, ಅಕ್ಕರೆಯಿಂದ ಮಾಡಿದ್ದು. ಈ ಸಲ ಸರಿಯಾದ ತಿಥಿಗೆ ಮಾಡಿ. ಪಕ್ಷಮಾಸದಲ್ಲಿ ಹೇಗೂ ಪಿತೃಗಳೆಲ್ಲರ ಸ್ಮರಣೆ ಇದ್ದೇ ಇದೆ. ಅದಕ್ಕೂ ಮೀರಿ ಏನಾದರೂ ಮಾಡಬೇಕೇ ಎಂಬುದನ್ನು ನಿಮ್ಮ ಮನೆಯ ಸಂಪ್ರದಾಯ ಬಲ್ಲ ಊರಿನ ಪುರೋಹಿತರನ್ನೇ ಕೇಳಿ.

ಇನ್ನು ವರ್ಷದ ಮಾತು. ನಿಮ್ಮ ಎರಡನೆಯ ಪ್ರಶ್ನೆಯೂ ಇದರೊಳಗೇ ಇದೆ. ತಂದೆಯವರು ಹೋದದ್ದು ನಳ ಸಂವತ್ಸರ ಅಂದಿರಿ. ನಿಮ್ಮೂರ ಗುಡಿಯ ಕಲ್ಲಿನಲ್ಲಿರುವ 'ವಿಕ್ರಮ ವರ್ಷ' ಶುರುವಾದದ್ದೂ ಒಂದು ನಳ ಸಂವತ್ಸರದಲ್ಲೇ. ಅದಕ್ಕೂ ತಂದೆಯವರ ನಳಕ್ಕೂ ನಡುವೆ ಸರಿಯಾಗಿ 900 ವರ್ಷ, ಅರವತ್ತರ ಹದಿನೈದು ಸುತ್ತು.

ಕ್ರಿ.ಶ. 1076ರಲ್ಲಿ ಕಲ್ಯಾಣದ ಚಾಲುಕ್ಯರ ಸಿಂಹಾಸನಕ್ಕೆ ಆರನೆಯ ವಿಕ್ರಮಾದಿತ್ಯ ಬಂದ. ಅಣ್ಣ ಎರಡನೆಯ ಸೋಮೇಶ್ವರನನ್ನು ಇಳಿಸಿ ಪಟ್ಟಕ್ಕೆ ಬಂದವನು. ಬಿಲ್ಹಣ ಕವಿ ಕಾಶ್ಮೀರದಿಂದ ಬಂದು ಇವನ ಆಸ್ಥಾನದಲ್ಲಿದ್ದ. ಇವತ್ತಿಗೂ ಕೋರ್ಟಿನಲ್ಲಿ ಅವಿಭಕ್ತ ಕುಟುಂಬದ ಆಸ್ತಿಯ ಮಾತು ಬಂದರೆ ಕೇಳಿಬರುವ 'ಮಿತಾಕ್ಷರಾ' ಬರೆದ ವಿಜ್ಞಾನೇಶ್ವರನೂ ಇವನ ಕಾಲದಲ್ಲಿ ಕಲ್ಯಾಣದಲ್ಲೇ ಇದ್ದವನು. ಈ ಅರಸ ಅಲ್ಲಿಯವರೆಗೆ ನಡೆದುಬಂದ ಶಕವರ್ಷದ ಎಣಿಕೆಯನ್ನು ಬದಿಗಿಟ್ಟು ತನ್ನ ಹೆಸರಿನಲ್ಲಿ ಹೊಸ ಎಣಿಕೆ ಹಾಕಿದ. ಅದೇ ಚಾಲುಕ್ಯ ವಿಕ್ರಮ ವರ್ಷ. ಶಕ 998, ನಳ ಸಂವತ್ಸರ ಅದರ ಒಂದನೆಯ ವರ್ಷ. ಇವನ ಆಳ್ವಿಕೆಯ ಐವತ್ತು ವರ್ಷ, ಆಮೇಲೂ ಕೆಲವು ಕಾಲ, ನಮ್ಮ ಬೆಳ್ವೊಲ ನಾಡಿನ ಶಾಸನಗಳಲ್ಲಿ ಈ ಎಣಿಕೆ ಸಿಗುತ್ತದೆ. ಬೆಳ್ವೊಲ ಮುನ್ನೂರು ಅಂದರೆ ಗದಗ, ನವಲಗುಂದದ ಸುತ್ತಿನ ಕರಿಮಣ್ಣಿನ ಸೀಮೆ, ಅಣ್ಣಿಗೇರಿ ಅದರ ಮುಖ್ಯ ಪಟ್ಟಣ.

ಅಣ್ಣಿಗೇರಿಯ ಅಮೃತೇಶ್ವರ ಗುಡಿ ನೀವು ನೋಡಿರಬಹುದು. 76 ಕಂಬದ ಗುಡಿ, 1050ರ ಸುಮಾರಿಗೆ ಕಟ್ಟಿದ್ದೆಂದು ಹೇಳುತ್ತಾರೆ. ಆ ನಳ ಸಂವತ್ಸರದ ಮಹಾಶಿವರಾತ್ರಿಯನ್ನು ಮನಸ್ಸಿಗೆ ತಂದುಕೊಳ್ಳಿ. ಆ ರಾತ್ರಿ ಗುಡಿಯಲ್ಲಿ ಯಾರಾದರೂ ನೀರು ಬಿಟ್ಟು ದೀಪಕ್ಕೆ ಎಣ್ಣೆ ದಾನ ಕೊಟ್ಟಿದ್ದರೆ, ಕಲ್ಲು ಕಡೆಯುವವನು ವಿಕ್ರಮ ವರ್ಷ 1 ಎಂದು ಬರೆಯುತ್ತಿದ್ದ. ಅವನ ಅಪ್ಪನಾಗಿದ್ದರೆ ಶಕ 998 ಬರೆಯುತ್ತಿದ್ದ. ಜೋಯಿಸರ ಲೆಕ್ಕದಲ್ಲಿ ಕಲಿಯುಗದ 4177 ವರ್ಷ ಸಂದಿತ್ತು. ಊರಿನ ಬಸದಿಯಲ್ಲಿ ವೀರನಿರ್ವಾಣ ಎಣಿಸುವವರಿಗೆ ಅದು 1603. ಕಾಶಿಯಲ್ಲಿ, ಗುಜರಾತಿನಲ್ಲಿ ವಿಕ್ರಮ ಸಂವತ್ 1133. ಕೇರಳದಲ್ಲಿ ಕೊಲ್ಲಂ ವರ್ಷ 252. ಅರಬರ ಹಡಗಿನವನಿಗೆ ಹಿಜರಿ 469, ಯೆಹೂದಿ ವ್ಯಾಪಾರಿಗೆ 4837. ಯುರೋಪಿನವರು ಆಗಲೇ 1077ಕ್ಕೆ ಕಾಲಿಟ್ಟಿದ್ದರು, ಏಕೆಂದರೆ ನಮ್ಮ ಮಾಘ ಬರುವ ಹೊತ್ತಿಗೆ ಅವರ ಹೊಸ ವರ್ಷ ಆಗಿಹೋಗಿರುತ್ತದೆ. (ಚೀನಾದವರಿಗೂ ನಮ್ಮ ಹಾಗೆ ಅರವತ್ತರ ಸುತ್ತು ಇದೆ. 1076, 1976 ಎರಡೂ ಅವರಿಗೆ ಡ್ರ್ಯಾಗನ್ ವರ್ಷ.)

ಇಷ್ಟು ಅಂಕಿಗಳು ಒಂದೇ ರಾತ್ರಿಗೆ. ತಿಂಗಳ ಹೆಸರೂ ಎರಡು: ಅಣ್ಣಿಗೇರಿಯಲ್ಲಿ ಮಾಘ ಬಹುಳ, ಕಾಶಿಯಲ್ಲಿ ಫಾಲ್ಗುನ ಕೃಷ್ಣ. ಆದರೆ ಚತುರ್ದಶಿ ಮಾತ್ರ ಎರಡೂ ಕಡೆ ಚತುರ್ದಶಿಯೇ. ಚಂದ್ರನನ್ನು ನೋಡಿ ಹೇಳುವ ಸಂಗತಿ ಅದು, ಅದನ್ನು ಅರಸನ ಅಪ್ಪಣೆಯಿಂದ ಬದಲಿಸಲು ಬರುವುದಿಲ್ಲ. ವಿಕ್ರಮಾದಿತ್ಯನೂ ಬದಲಿಸಿದ್ದು ಮೊದಲಿನ ಅಂಕಿಯೊಂದನ್ನೇ. ಅವನ ಕಾಲದ ಕಲ್ಲುಗಳಲ್ಲಿ ಆ ಅಂಕಿಯ ಮುಂದೆ ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ, ಗ್ರಹಣ ಅಥವಾ ಸಂಕ್ರಾಂತಿ ಇದ್ದರೆ ಅದು, ಎಲ್ಲ ಹಳೆಯ ಕ್ರಮದಲ್ಲೇ ಇರುತ್ತವೆ. ನಾವು ಸಂಕಲ್ಪದಲ್ಲಿ ಹೇಳುವ ಸಾಲೂ ಹೆಚ್ಚುಕಡಿಮೆ ಇದೇ. ಆಶ್ಚರ್ಯವೇನಿಲ್ಲ. ಆ ದಾನಗಳು 'ಧಾರಾಪೂರ್ವಕ' ಕೊಟ್ಟವು, ಅಂದರೆ ಕೈಯಲ್ಲಿ ನೀರು ಹಿಡಿದು ಸಂಕಲ್ಪ ಹೇಳಿ ಬಿಟ್ಟವು. ಕಲ್ಲಿನ ಮೇಲಿರುವ ದಿನ ಆ ಸಂಕಲ್ಪದ ದಿನವೇ.

ಮುಂದೆ ಚಾಲುಕ್ಯರ ಬಲ ಕುಂದಿತು. ಕಳಚುರಿಗಳ ಬಿಜ್ಜಳ ಬಂದ. ಕೊನೆಯ ಅರಸ ನಾಲ್ಕನೆಯ ಸೋಮೇಶ್ವರ ಅಣ್ಣಿಗೇರಿಯಿಂದಲೇ ಕೆಲಕಾಲ ರಾಜ್ಯ ನಡೆಸಿದ. ಆ ಮನೆತನ ಹೋದ ಮೇಲೆ ವಿಕ್ರಮ ವರ್ಷ ಎಣಿಸುವವರು ಉಳಿಯಲಿಲ್ಲ, ಶಕವರ್ಷವೇ ಮತ್ತೆ ಎಲ್ಲ ಕಡೆ ನಡೆಯಿತು. ಆ ಸೀಮೆಯ ಯಾವ ಮನೆಯಲ್ಲೂ ಶ್ರಾದ್ಧವಾಗಲಿ ಹಬ್ಬವಾಗಲಿ ಅದರಿಂದ ಒಂದು ದಿನವೂ ಆಚೀಚೆ ಆಗಿರಲಾರದು.

ಕಲಿಯುಗದ ಲೆಕ್ಕ ನಂಬಬಹುದೇ, ಈಚಿನವರು ಸೇರಿಸಿದ್ದಲ್ಲವೇ ಎಂದು ಕೆಲವರು ಕೇಳುವುದುಂಟು. ಐಹೊಳೆಯ ಮೇಗುತಿ ಬಸದಿಯಲ್ಲಿ ರವಿಕೀರ್ತಿ ಬರೆಸಿದ ಇಮ್ಮಡಿ ಪುಲಕೇಶಿಯ ಶಾಸನವಿದೆ. ಅದರಲ್ಲಿ ಒಂದೇ ವರ್ಷವನ್ನು ಎರಡು ರೀತಿಯಲ್ಲಿ ಹೇಳಿದ್ದಾನೆ: ಭಾರತ ಯುದ್ಧವಾಗಿ 3735 ವರ್ಷ, ಶಕರಾಜರ 556 ವರ್ಷ. ನಮಗೆ ಅದು ಕ್ರಿ.ಶ. 634-35. ಈಗ ಮನೆಯಲ್ಲಿರುವ ಪಂಚಾಂಗ ತೆಗೆಯಿರಿ. ಈ ವಿಶ್ವಾವಸು ಸಂವತ್ಸರಕ್ಕೆ ಗತಕಲಿ 5126, ಶಕ 1947. ಒಂದರಲ್ಲಿ ಇನ್ನೊಂದು ಕಳೆದರೆ 3179. ರವಿಕೀರ್ತಿಯ 3735ರಲ್ಲಿ 556 ಕಳೆಯಿರಿ, ಅಲ್ಲೂ 3179. ಸುಮಾರು ಹದಿನಾಲ್ಕು ನೂರು ವರ್ಷದಲ್ಲಿ ಒಂದು ವರ್ಷವೂ ಜಾರಿಲ್ಲ. ಯುದ್ಧ ನಿಜವಾಗಿ ಯಾವಾಗ ನಡೆಯಿತು ಎಂಬುದು ಬೇರೆ ಚರ್ಚೆ, ನಾನು ಹೇಳುತ್ತಿರುವುದು ಎಣಿಕೆಯ ಮಾತು. ನಿಮ್ಮ ಮೊಮ್ಮಕ್ಕಳಿಗೆ ಈ ಕಳೆಯುವ ಲೆಕ್ಕ ಮಾಡಿಸಿ ನೋಡಿ, ಪಂಚಾಂಗದ ಮೇಲೆ ಅವರಿಗೆ ಬೇರೆಯೇ ಗೌರವ ಬರುತ್ತದೆ.

ಸಂವತ್ಸರದ ಹೆಸರು ಯಾಕೆ ಬೇರೆಯಾಯಿತು? ಅರವತ್ತು ಹೆಸರು ಇಬ್ಬರಿಗೂ ಅವೇ. ಮೂಲದಲ್ಲಿ ಇದು ಗುರುಗ್ರಹದ ಲೆಕ್ಕ. ಗುರು ಒಂದು ರಾಶಿ ದಾಟಲು ಸರಾಸರಿ 361 ದಿನ ತೆಗೆದುಕೊಳ್ಳುತ್ತಾನೆ, ನಮ್ಮ ವರ್ಷಕ್ಕಿಂತ ನಾಲ್ಕು ದಿನ ಕಡಿಮೆ. ಆ ನಾಲ್ಕು ದಿನ ಕೂಡುತ್ತಾ ಹೋಗಿ ಸುಮಾರು 85 ವರ್ಷಕ್ಕೆ ಒಂದು ಹೆಸರು ಹೆಚ್ಚಾಗುತ್ತದೆ, ಅದನ್ನು ಉತ್ತರದವರು ಬಿಟ್ಟು ಮುಂದೆ ಹೋಗುತ್ತಾರೆ. ದಕ್ಷಿಣದಲ್ಲಿ ಹತ್ತನೆಯ ಶತಮಾನದ ಆರಂಭದ ಹೊತ್ತಿಗೆ ಹೀಗೆ ಬಿಡುವುದನ್ನು ನಿಲ್ಲಿಸಿ, ವರ್ಷಕ್ಕೊಂದು ಹೆಸರು ಎಂದು ನೇರವಾಗಿ ಎಣಿಸತೊಡಗಿದರು. 1076ರಲ್ಲಿ ಇಬ್ಬರ ನಡುವೆ ಒಂದೆರಡು ಹೆಸರಿನ ಅಂತರವಿದ್ದೀತು, ಈಗ ಅದು ಹತ್ತಕ್ಕೂ ಹೆಚ್ಚು. ನಿಮ್ಮ ಪಂಡಿತರು ಹೇಳಿಸಿದ ಹೆಸರು ಅವರ ಕ್ರಮಕ್ಕೆ ಸರಿ.

ನಮ್ಮ ಕ್ರಮದಿಂದ ಒಂದು ಅನುಕೂಲ ಇದೆ. ಆದಿಕವಿ ಪಂಪ ಹುಟ್ಟಿದ್ದು ದುಂದುಭಿ ಸಂವತ್ಸರದಲ್ಲಿ, ಶಕ 824, ಅಂದರೆ ಕ್ರಿ.ಶ. 902. ಅಲ್ಲಿಂದ ಅರವತ್ತರ ಸುತ್ತು ಎಣಿಸುತ್ತಾ ಬಂದರೆ 1982ರ ದುಂದುಭಿಗೆ ಬಂದು ನಿಲ್ಲುತ್ತದೆ, ನಡುವೆ ಎಲ್ಲೂ ಬಿಟ್ಟು ಎಣಿಸಬೇಕಿಲ್ಲ. ಆ ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂದು ಅವನ ತಮ್ಮ ಜಿನವಲ್ಲಭ ಬಂಡೆಯ ಮೇಲೆ ಬರೆಸಿಟ್ಟಿದ್ದಾನೆ. ಪಂಚಾಂಗದ ವಿದ್ಯೆ ನಿಮ್ಮ ಸೀಮೆಗೆ ಹೊಸದಲ್ಲ ನೋಡ್ರಿ.

ಈಗ ಗುಡಿಯ ಕಲ್ಲು. 'ವಿಕ್ರಮ' ಎಂಬ ಹೆಸರಿನಲ್ಲಿ ಮೂರು ಬೇರೆ ಬೇರೆ ಲೆಕ್ಕಗಳಿವೆ, ಕಮಿಟಿಯವರು ಅವನ್ನು ಕಲಸಿಕೊಂಡಿದ್ದಾರೆ. ಒಂದು, ಉತ್ತರದ ವಿಕ್ರಮ ಸಂವತ್, ಕ್ರಿ.ಪೂ. 57ರಿಂದ ಎಣಿಸುವುದು. ಎರಡು, ನಮ್ಮ ಚಾಲುಕ್ಯ ವಿಕ್ರಮ ವರ್ಷ, ಕ್ರಿ.ಶ. 1076ರಿಂದ. ಮೂರು, ಅರವತ್ತರಲ್ಲಿ ಹದಿನಾಲ್ಕನೆಯದಾದ ವಿಕ್ರಮನಾಮ ಸಂವತ್ಸರ. ಅದು ಈಚೆಗೆ ಬಂದದ್ದು 2000ದ ಯುಗಾದಿಗೆ.

ಕಲ್ಲಿನ ಮೇಲಿನ ಅಂಕಿಯನ್ನು ನೀವು ಬರೆದಿಲ್ಲ. ಉದಾಹರಣೆಗೆ 33 ಎಂದಿದೆ ಅಂದುಕೊಳ್ಳೋಣ. ವಿಕ್ರಮ ಸಂವತ್ ಎಂದು ಹಿಡಿದರೆ ಕ್ರಿ.ಪೂ. 25-24 ಬರುತ್ತದೆ. ಕನ್ನಡದ ತೀರಾ ಹಳೆಯ ಶಾಸನಗಳಲ್ಲಿ ಒಂದೆಂದು ಶಾಲೆಯಲ್ಲಿ ಓದಿದ ಹಲ್ಮಿಡಿಯದ್ದೇ ಕ್ರಿ.ಶ. 450ರ ಸುಮಾರಿನದು. ಅದಕ್ಕೂ ನಾಲ್ಕುನೂರ ಎಪ್ಪತ್ತು ವರ್ಷ ಹಿಂದೆ ನವಲಗುಂದದ ಹೊಲದಲ್ಲಿ ಕನ್ನಡದ ಕಲ್ಲು ನಿಂತಿತ್ತು ಎಂದು ಅಚ್ಚು ಹಾಕಿಸಿದರೆ ತಿಳಿದವರು ನಕ್ಕಾರು. ಚಾಲುಕ್ಯ ವಿಕ್ರಮ ವರ್ಷವಾದರೆ 33ಕ್ಕೆ 1075 ಕೂಡಿಸಬೇಕು: ಕ್ರಿ.ಶ. 1108. ಹೊಂದುತ್ತದೋ ಇಲ್ಲವೋ ಎಂದು ಅಲ್ಲಿಯೇ ಪರೀಕ್ಷೆ ಮಾಡಬಹುದು. ಒಂದನೆಯ ವರ್ಷ ನಳ, ಅಲ್ಲಿಂದ ಬೆರಳು ಮಡಚುತ್ತಾ ಬಂದರೆ 33ನೆಯದು ಸರ್ವಧಾರಿ. ಕಲ್ಲಿನಲ್ಲಿ ಅಂಕಿಯ ಪಕ್ಕ ಆ ಹೆಸರಿದ್ದರೆ ಲೆಕ್ಕ ಕೂಡಿತು. ಕೆಲವು ಶಾಸನಗಳಲ್ಲಿ ಅಂಕಿ ಒಂದು ವರ್ಷ ಆಚೀಚೆ ಇರುವುದುಂಟು. ಆಗ ಅಂಕಿಗಿಂತ ಸಂವತ್ಸರದ ಹೆಸರು, ತಿಥಿ, ವಾರ ಮೂರನ್ನೂ ಹೊಂದಿಸಿ ನೋಡಿ ನಿರ್ಧರಿಸುತ್ತಾರೆ.

ಆಮಂತ್ರಣ ಅಚ್ಚಿಗೆ ಹೋಗುವ ಮೊದಲು ಕಲ್ಲಿನ ಸ್ಪಷ್ಟವಾದ ಫೋಟೋ ತೆಗೆದು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯವರಿಗೆ ತೋರಿಸಿ. ಕಲ್ಲಿಗೆ ಬಣ್ಣ ಬಳಿಯುವುದು, ಯಂತ್ರ ಹಚ್ಚಿ ಉಜ್ಜುವುದು ಬೇಡವೆಂದು ಕಮಿಟಿಯವರಿಗೆ ಕೈಮುಗಿದು ಹೇಳಿ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಎಷ್ಟೋ ಊರಲ್ಲಿ ಅಕ್ಷರ ಹಾಳಾಗಿವೆ. ಇನ್ನು, ಶಾಸನ ಹೇಳುವುದು ಆ ದಾನ ಕೊಟ್ಟ ದಿನವನ್ನು. ಗುಡಿ ಅದಕ್ಕಿಂತ ಹಳೆಯದೂ ಇರಬಹುದು. ಆದ್ದರಿಂದ 'ಇಂಥ ವರ್ಷದ ಶಾಸನವುಳ್ಳ ದೇವಾಲಯ' ಎಂದು ಬರೆಸಿದರೆ ಸತ್ಯವೂ ಆಯಿತು, ಗೌರವಕ್ಕೂ ಕೊರತೆಯಾಗಲಿಲ್ಲ. ಒಂಬತ್ತು ನೂರು ವರ್ಷ ಕಡಿಮೆಯೇನು?

ನೊಯಿಡಾದಲ್ಲಿ ಸಂಕಲ್ಪ ಹೇಗೆ ಹೇಳಬೇಕು ಎಂಬುದಕ್ಕೆ ನನ್ನ ಅಭಿಪ್ರಾಯ ಹೀಗಿದೆ. ಕಾಲದ ಭಾಗವನ್ನು ನಿಮ್ಮ ಹಿರಿಯರು ಹೇಳುತ್ತಿದ್ದ ಹಾಗೆಯೇ ಹೇಳಿ: ಶಾಲಿವಾಹನ ಶಕೆ, ಚಾಂದ್ರಮಾನದ ಸಂವತ್ಸರ, ಅಮಾವಾಸ್ಯೆಗೆ ಮುಗಿಯುವ ಮಾಸ. ಸಂಕಲ್ಪದಲ್ಲೇ 'ವ್ಯಾವಹಾರಿಕೇ ಚಾಂದ್ರಮಾನೇನ' ಎಂಬ ಮಾತು ಬರುತ್ತದಲ್ಲ, ನಾವು ಯಾವ ಅಳತೆಯಿಂದ ಹೇಳುತ್ತಿದ್ದೇವೆ ಎಂದು ಅಲ್ಲಿಯೇ ಒಪ್ಪಿಕೊಂಡಂತಾಯಿತು. ಪಂಡಿತರು ವಿಕ್ರಮ ಸಂವತ್ತನ್ನೂ ಸೇರಿಸಿದರೆ ಬಾಧಕವಿಲ್ಲ. ಎರಡು ಕ್ರಮದ ಅರ್ಧರ್ಧ ಬೆರೆಸುವುದು ಮಾತ್ರ ಬೇಡ, ವಿಕ್ರಮ ಸಂವತ್ತಿನ ಅಂಕಿ ಹೇಳಿ ಪಕ್ಕಕ್ಕೆ ನಮ್ಮ ಸಂವತ್ಸರದ ಹೆಸರು ಹೇಳಿದ ಹಾಗೆ. ದೇಶದ ಭಾಗ ನೀವು ನಿಂತ ಜಾಗದ್ದೇ ಆಗಬೇಕು. ನೊಯಿಡಾದಲ್ಲಿ ಕೂತು 'ಗೋದಾವರ್ಯಾಃ ದಕ್ಷಿಣೇ ತೀರೇ' ಎಂದರೆ ಆಗದು, ಆ ಭಾಗವನ್ನು ಅಲ್ಲಿಯ ಪಂಡಿತರೇ ಹೇಳಿಸಲಿ.

ತಿಥಿ ಅಪರಾಹ್ಣಕ್ಕೆ ಇರಬೇಕಾದ್ದರಿಂದ, ಹೆಸರು ನಮ್ಮ ಪಂಚಾಂಗದ್ದಾದರೂ ದಿನವನ್ನು ನೊಯಿಡಾದ ಸೂರ್ಯೋದಯಕ್ಕೆ ಲೆಕ್ಕ ಹಾಕಿದ ಪಂಚಾಂಗದಲ್ಲಿ ನೋಡಿಸಿ. ಹಾಗೆಯೇ ಮನೆಯ ವಹಿಯಲ್ಲಿ ತಂದೆಯವರ ತಿಥಿಯನ್ನು ಮಕ್ಕಳಿಗಾಗಿ ಹೀಗೆ ಬರೆದಿಡಿ: 'ನಳ ಸಂವತ್ಸರ, ಶಕ 1898, ಮಾರ್ಗಶಿರ ಬಹುಳ ದಶಮಿ (ಉತ್ತರದ ಪಂಚಾಂಗದಲ್ಲಿ ಪೌಷ ಕೃಷ್ಣ ದಶಮಿ), ಡಿಸೆಂಬರ್ 1976.' ವಾರ ನೆನಪಿದ್ದರೆ ಅದನ್ನೂ ಸೇರಿಸಿ. ಬರೀ 'ನಳ' ಎಂದು ಬಿಟ್ಟರೆ 2036ರಲ್ಲಿ ಇನ್ನೊಂದು ನಳ ಬರುತ್ತದೆ, ಆಮೇಲೆ ಓದುವವರಿಗೆ ಯಾವುದೆಂದು ತಿಳಿಯದು.

ಈ ವಿಶ್ವಾವಸು ಸಂವತ್ಸರದಲ್ಲಿ ನಿಮ್ಮ ತಂದೆಯವರ ತಿಥಿ ಡಿಸೆಂಬರ್ ಮಧ್ಯದ ಹೊತ್ತಿಗೆ ಬರುತ್ತದೆ. ಪಂಡಿತರಿಗೆ 'ಪೌಷ ಕೃಷ್ಣ ದಶಮಿ' ಎಂದೇ ಹೇಳಿ ದಿನ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಅಕ್ಕನವರಿಗೂ ಒಂದು ಫೋನ್ ಮಾಡಿ, ಅವರ ಪಂಚಾಂಗದ ದಿನಕ್ಕೆ ತಾಳೆಯಾಗುತ್ತದೆಯೇ ಎಂದು ಕೇಳಿಕೊಳ್ಳಿ.